ಮೆಲ್ಕಾರ್: ಮಳೆಗೆ ಕಾರಿನ ಗ್ಲಾಸ್‌ಗೆ ಕೋಟಿಂಗ್ ಹಾಕ್ತೀರಾ? ಮೊದಲು ಇದನ್ನು ತಿಳ್ಕೊಳ್ಳಿ

ಬಂಟ್ವಾಳ: ಮಳೆಗಾಲದಲ್ಲಿ ಮೆಲ್ಕಾರ್ ಹೆದ್ದಾರಿಯಲ್ಲಿ ಲಾರಿ ಎಬ್ಬಿಸುವ ಕೆಸರುನೀರಿಗೆ ಕಾರಿನ ಮುಂದಿನ ಗ್ಲಾಸ್ ಮಸುಕಾಗಿ ಎದುರಿನ ಬೈಕ್ ಕೂಡ ಕಾಣದಾಗುತ್ತದೆ. ಹಾಗಾಗಿ ಹಲವರು ನೀರು ನಿಲ್ಲದ ಕೋಟಿಂಗ್ ಹಚ್ಚಿಸುತ್ತಾರೆ.

ಸಿಲಿಕೋನ್ ಅಂಶದ ಈ ದ್ರವ ಹಚ್ಚಿದರೆ ನೀರು ಹರಡದೆ, ಕೆಸುವಿನ ಎಲೆ ಮೇಲಿನಂತೆ ಹನಿಯಾಗುತ್ತದೆ. ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ಹನಿ ಗಾಳಿಗೆ ಹಾರಿಹೋಗುತ್ತದೆ. ಬ್ಲಾಕ್‌ನಲ್ಲಿ ಸಿಕ್ಕಿಕೊಂಡರೆ ಹಾರಲ್ಲ, ಆಗ ವೈಪರ್ ಬೇಕೇ ಬೇಕು.

ಹಚ್ಚುವುದು ಹೇಗೆ? ಗ್ಲಾಸ್‌ನ ಜಿಡ್ಡು ತೊಳೆದು ಪೂರ್ತಿ ಒಣಗಿಸಿ. ನೆರಳಿನಲ್ಲಿ ವೃತ್ತಾಕಾರವಾಗಿ ಹಚ್ಚಿ, ಮಬ್ಬಾದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಸವೆದ ವೈಪರ್ ರಬ್ಬರ್ ಮೊದಲೇ ಬದಲಿಸಿ.

ಖರ್ಚು ಉಳಿಸಲು ಸೀಮೆಎಣ್ಣೆ, ತೆಂಗಿನೆಣ್ಣೆ ಹಚ್ಚಬೇಡಿ. ರಾತ್ರಿ ಎದುರಿನ ಹೆಡ್‌ಲೈಟ್‌ಗೆ ಗ್ಲಾಸ್ ಇಡೀ ಬೆಳ್ಳಗಾಗಿ ರಸ್ತೆಯೇ ಕಾಣಿಸದು.