ಉಪನ್ಯಾಸ ಕೇಳೋಣ ಬನ್ನಿ

ಧಾರವಾಡ ವಿದ್ಯೆಯ ಊರು. ಇಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ರಾ. ಹ. ದೇಶಪಾಂಡೆಯವರು ಅದನ್ನು ಕಟ್ಟಿದರು. ಕನ್ನಡ ಬೆಳೆಸುವುದು ಸಂಘದ ಗುರಿ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಶುರುವಾಯಿತು.

ಇಂಥ ಊರಿನಲ್ಲಿ ಮೇಲಿಂದ ಮೇಲೆ ಉಪನ್ಯಾಸ ನಡೆಯುತ್ತವೆ. ಉಪನ್ಯಾಸ ಎಂದರೇನು? ಒಂದು ವಿಷಯ ತಿಳಿದವರು ಬಂದು ಅದನ್ನು ನಾಲ್ಕು ಮಂದಿಗೆ ಬಿಡಿಸಿ ಹೇಳುವುದು. ಬೇರೆ ಊರಿನಿಂದ ಅತಿಥಿಗಳೂ ಬರುತ್ತಾರೆ.

“ಅದೆಲ್ಲ ಓದಿದವರಿಗೆ ರೀ, ನಮಗ್ಯಾಕ?” ಎಂದು ನಾವು ಅನ್ನುತ್ತೇವೆ. ಇದು ಸರಿಯೆ?

ವಿಶ್ವವಿದ್ಯಾಲಯದಲ್ಲಿ ಪ್ರಸಾರಾಂಗ ಎಂಬ ವಿಭಾಗವಿದೆ. ವಿದ್ಯೆಯನ್ನು ಜನರ ಬಳಿ ಒಯ್ಯುವುದೇ ಅದರ ಕೆಲಸ. ಕವಿ ಚೆನ್ನವೀರ ಕಣವಿ ಬಹಳ ವರ್ಷ ಅದರ ನಿರ್ದೇಶಕರಾಗಿದ್ದರು. ಉಪನ್ಯಾಸಗಳನ್ನು ಚಿಕ್ಕ ಚಿಕ್ಕ ಪುಸ್ತಕವಾಗಿಯೂ ಪ್ರಸಾರಾಂಗ ಅಚ್ಚು ಹಾಕಿತು.

ವಿದ್ಯಾವರ್ಧಕ ಸಂಘದಲ್ಲಿ ದತ್ತಿ ಉಪನ್ಯಾಸಗಳು ನಡೆಯುತ್ತವೆ. ತೀರಿಹೋದ ತಾಯಿಯ ನೆನಪಿಗೆ ಮಗಳು ಹಣ ಇಡುತ್ತಾಳೆ ಅನ್ನಿ. ಅದು ದತ್ತಿ. ಅಸಲು ಮುಟ್ಟುವುದಿಲ್ಲ. ಬಡ್ಡಿಯಲ್ಲಿ ಪ್ರತಿವರ್ಷ ಉಪನ್ಯಾಸ ಮಾಡಿಸುತ್ತಾರೆ. ಕೇಳುವವರು ದುಡ್ಡು ಕೊಡಬೇಕಿಲ್ಲ.

ಇನ್ನೊಂದು ಮಾತು. ನಾವು ಸಾಬೂನು ಕೊಂಡರೂ ತೆರಿಗೆ ಕೊಡುತ್ತೇವೆ. ವಿಶ್ವವಿದ್ಯಾಲಯಕ್ಕೆ ಸರ್ಕಾರ ಕೊಡುವ ಹಣದಲ್ಲಿ ನಮ್ಮ ಪಾಲೂ ಇದೆ.

ಆಮಂತ್ರಣ ಪತ್ರಿಕೆ ಕಂಡರೆ ನಿಂತು ಓದೋಣ. ನಾಲ್ಕು ಸಂಗತಿ ನೋಡಬೇಕು: ವಿಷಯ, ಸ್ಥಳ, ದಿನಾಂಕ, ಸಮಯ. ಕೆಳಗೆ ‘ಸರ್ವರಿಗೂ ಸ್ವಾಗತ’ ಎಂದು ಇರುತ್ತದೆ. ಸರ್ವರು ಅಂದರೆ ಎಲ್ಲರೂ. ಅದರಲ್ಲಿ ನಾವೂ ಇದ್ದೇವೆ.

ಮೊದಲು ಪ್ರಾರ್ಥನೆ, ಸ್ವಾಗತ. ಆಮೇಲೆ ಉಪನ್ಯಾಸ. ಅಧ್ಯಕ್ಷರ ಮಾತು. ಕೊನೆಗೆ ವಂದನೆ. ಕೆಲವು ಕಡೆ ಪ್ರಶ್ನೆ ಕೇಳಲು ಸಮಯ ಕೊಡುತ್ತಾರೆ. ಕೇಳೋಣ. “ಆ ಮಾತು ತಿಳೀಲಿಲ್ರಿ, ಇನ್ನೊಮ್ಮೆ ಹೇಳ್ರಿ” ಎಂದರೆ ತಪ್ಪಲ್ಲ. ನಮ್ಮಂತೆ ತಿಳಿಯದವರು ಇನ್ನೂ ಹತ್ತು ಮಂದಿ ಇರುತ್ತಾರೆ.

ಆದರೆ ಹೋಗುವುದು ಹೇಗೆ? ಬಹಳ ಉಪನ್ಯಾಸ ಸಂಜೆಯೇ ಇರುತ್ತವೆ. ಅದು ನಮಗೆ ರೊಟ್ಟಿ ಬಡಿಯುವ ಹೊತ್ತು. ಕತ್ತಲಲ್ಲಿ ಒಬ್ಬರೇ ಮರಳಿ ಬರುವ ಅಂಜಿಕೆ ಬೇರೆ. ಓಣಿಯ ನಾಲ್ಕೈದು ಮಂದಿ ಕೂಡಿ ಹೋದರೆ ಅಂಜಿಕೆ ಇಲ್ಲ. ರೊಟ್ಟಿ ಮೊದಲೇ ಬಡಿದಿಡಬಹುದು. ಮನೆಯ ಗಂಡಸರೂ ಒಂದು ದಿನ ಒಲೆ ನೋಡಿಕೊಳ್ಳಲಿ. ಮಧ್ಯಾಹ್ನವೂ ಉಪನ್ಯಾಸ ಇಡಿರೆಂದು ನಾವೆಲ್ಲ ಕೂಡಿ ಕೇಳಬಹುದು.

ಅಕ್ಷರ ಕಲಿತ ನಮಗೆ ಓದಲು ಬರುತ್ತದೆ. ಕೇಳಿ ತಿಳಿದರೆ ಓದಿದ್ದು ಇನ್ನೂ ಗಟ್ಟಿಯಾಗುತ್ತದೆ.

ಮುಂದಿನ ಉಪನ್ಯಾಸ ಎಲ್ಲಿದೆ? ಯಾವ ವಿಷಯ? ಓದಿ, ಓಣಿಯವರಿಗೂ ಹೇಳಿರಿ.