‘ಪಾಸಿಟಿವ್’ ಎಂದರೆ ಶುಭವಲ್ಲ: ಚರ್ಮದ ಕ್ಯಾನ್ಸರಿನ ವರದಿಯನ್ನು ಓದುವ ಬಗೆ

ಕಾಸರಗೋಡಿನ ಕನ್ನಡಿಗರಾದ ನಮಗೆ ವೈದ್ಯರ ಮಾತು ಮಲಯಾಳದಲ್ಲಿ, ಬಯಾಪ್ಸಿ ವರದಿ ಇಂಗ್ಲಿಷಿನಲ್ಲಿ. ಮನೆಯ ಹಿರಿಯರಿಗೆ ಅದನ್ನು ಓದಿ ಹೇಳಬೇಕಾದವರು ಎಷ್ಟೋ ಸಲ ಕನ್ನಡ ಶಾಲೆಯ ಮಕ್ಕಳು. ‘ಮಾರ್ಜಿನ್ ಪಾಸಿಟಿವ್’ ಎಂದಿದ್ದರೆ ನಾವು ಶುಭವೆಂದು ಭಾವಿಸಬಾರದು. ಕತ್ತರಿಸಿ ತೆಗೆದ ತುಣುಕಿನ ಅಂಚಿನಲ್ಲಿಯೂ ಕ್ಯಾನ್ಸರ್ ಕೋಶಗಳಿವೆ, ಶರೀರದಲ್ಲಿ ಇನ್ನೂ ಉಳಿದಿರಬಹುದು ಎಂದು ಅದರ ಅರ್ಥ. ಇಲ್ಲಿ ‘ನೆಗೆಟಿವ್’ ಎಂಬುದೇ ನೆಮ್ಮದಿಯ ಮಾತು.

‘ಇನ್ ಸಿಟು’ ಎಂದರೆ ರೋಗವು ಚರ್ಮದ ಮೇಲ್ಪದರವನ್ನು ದಾಟಿಲ್ಲ. ಬೇಸಲ್ ಸೆಲ್ ಕಾರ್ಸಿನೋಮ ಬೇರೆ ಅಂಗಗಳಿಗೆ ಹರಡುವುದು ಅತಿ ವಿರಳ, ಮೆಲನೋಮ ಹಾಗಲ್ಲ. ಮೆಲನೋಮದ ವರದಿಯಲ್ಲಿ ‘ಬ್ರೆಸ್ಲೋ’ ಎಂಬುದರ ಮುಂದಿರುವ ಅಂಕಿ, ಗಡ್ಡೆಯು ಎಷ್ಟು ಮಿಲಿಮೀಟರ್ ಆಳಕ್ಕಿಳಿದಿದೆ ಎಂಬುದರ ಅಳತೆ. 1ಕ್ಕಿಂತ ಕಡಿಮೆಯಾದರೆ ತೆಳು. 4ನ್ನು ಮೀರಿದರೆ ಅಪಾಯ ಹೆಚ್ಚು. ಆದರೆ ಈ 4 ಮಿಲಿಮೀಟರೂ ನಾವು ಭಯಪಡುವ ‘ನಾಲ್ಕನೇ ಹಂತ’ವೂ ಒಂದೇ ಅಲ್ಲ, ರೋಗವು ದೂರದ ಅಂಗಗಳಿಗೆ ಹರಡಿದಾಗ ಮಾತ್ರ ಆ ಹೆಸರು.