ಅಗ್ಗದ ಚಿತ್ರಪಟಗಳ ಜಮಾ-ಖರ್ಚು

ಅಮೆರಿಕದ ಬೋಲಪಟವೆಂದರೆ ನೀರಿನಂತೆ ಚೆಲ್ಲಿದ ಹಣ, ಕುದುರೆಯ ದಂಡು, ಅರಮನೆ ಎಂದೇ ನಮ್ಮಲ್ಲಿ ಬಹುಮಂದಿ ತಿಳಿದಿರುತ್ತಾರೆ. ಆದರೆ ಎರಡನೆಯ ಮಹಾಯುದ್ಧ ಮುಗಿದ ಕಾಲಕ್ಕೆ, ತೀರ ಕಡಿಮೆ ಬಂಡವಾಳದಲ್ಲಿ ಕೆಲವೇ ದಿನಗಳಲ್ಲಿ ತೆಗೆದ ಚಿತ್ರಗಳೂ ಆ ದೇಶದಲ್ಲಿ ನೂರಾರು ಬಂದವು. ಅವುಗಳಿಗೆ 'ಬಿ' ಚಿತ್ರಗಳೆಂದು ಹೆಸರು. ಅವುಗಳ ಪರಿಚಯವನ್ನು ವಾಚಕ ಬಾಂಧವರಿಗೆ ಮಾಡಿಕೊಡಬೇಕೆಂದು ಈ ಲೇಖನ. ಕಾರಕೂನರಾದ ನಾವು ಲೆಕ್ಕದಿಂದಲೇ ಆರಂಭಿಸುತ್ತೇವೆ.

1930ರ ನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಜನರನ್ನು ಸೆಳೆಯಲು ಅಲ್ಲಿನ ಥಿಯೇಟರಿನವರು ಒಂದೇ ಟಿಕೀಟಿಗೆ ಎರಡು ಚಿತ್ರ ತೋರಿಸತೊಡಗಿದರು. ಮುಖ್ಯ ಚಿತ್ರಕ್ಕೆ ಟಿಕೀಟಿನ ಉತ್ಪನ್ನದಲ್ಲಿ ಪಾಲು. ಜೊತೆಗಿನ 'ಬಿ' ಚಿತ್ರಕ್ಕೆ ಸಾಮಾನ್ಯವಾಗಿ ಗೊತ್ತುಮಾಡಿದ ಬಾಡಿಗೆ. ಗುಟ್ಟು ಇರುವುದು ಇಲ್ಲಿಯೇ. ಜಮಾ ಎಷ್ಟೆಂಬುದು ಮೊದಲೇ ಗೊತ್ತು. ಚಿತ್ರ ಎಷ್ಟು ಚೆನ್ನಾಗಿದ್ದರೂ ಬಾಡಿಗೆ ಏರದು. ಲಾಭ ಬೇಕಾದರೆ ಖರ್ಚನ್ನೇ ಹಿಡಿಯಬೇಕು. ತಿಂಗಳ ಪಗಾರದಲ್ಲಿ ಸಂಸಾರ ತೂಗಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೈ ಬಿಗಿಯಾದಾಗ ಬುದ್ಧಿ ಓಡುತ್ತದೆ. 1945ರಲ್ಲಿ ಎಡ್ಗರ್ ಉಲ್ಮರ್ ಎಂಬವರು 'ಡೀಟೂರ್' ಎಂಬ ಚಿತ್ರ ತೆಗೆದರು. ನ್ಯೂಯಾರ್ಕಿನ ಬೀದಿ ಕಟ್ಟಿಸುವಷ್ಟು ಹಣವಿರಲಿಲ್ಲ; ದಟ್ಟ ಮಂಜು ಹಬ್ಬಿಸಿ, ಊರೇ ಅದರೊಳಗೆ ಮುಚ್ಚಿಹೋದಂತೆ ತೋರಿಸಿದರು. ಕಥಾನಾಯಕನು ದಾರಿಯಲ್ಲಿ ಕಾರುಗಳಿಗೆ ಕೈ ತೋರಿಸುತ್ತ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತಾನೆ. ದಿಕ್ಕು ಸರಿಯಾಗಿ ಕಾಣಲೆಂದು ಕೆಲವು ದೃಶ್ಯಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿಹಾಕಿದರು. ಹೀಗಾಗಿ ಅಲ್ಲಿ ಚಾಲಕರು ನಮ್ಮ ದೇಶದ ರೀತಿಯಲ್ಲಿ ಬಲಗಡೆ ಕುಳಿತಿದ್ದಾರೆ! ಇಷ್ಟಾದರೂ ಅಮೆರಿಕ ಸರಕಾರವು ಕಾಪಾಡತಕ್ಕ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ 1992ರಲ್ಲಿ ಇದು ಸೇರಿತು.

1950ರ 'ಗನ್ ಕ್ರೇಜಿ'ಯಲ್ಲಿ ಒಂದು ಬ್ಯಾಂಕು ದರೋಡೆ ಬರುತ್ತದೆ. ನಿರ್ದೇಶಕ ಜೋಸೆಫ್ ಲೂಯಿಸ್ ಅವರು ಕ್ಯಾಮೆರಾವನ್ನು ಕಾರಿನ ಹಿಂಬದಿಯಲ್ಲಿಟ್ಟು, ಊರೊಳಗೆ ಬರುವುದರಿಂದ ಓಡಿಹೋಗುವವರೆಗೆ ಎಲ್ಲವನ್ನೂ ಒಂದೇ ತುಂಡಿನಲ್ಲಿ ತೆಗೆದರು. ಬ್ಯಾಂಕಿನ ಒಳಭಾಗವನ್ನು ತೋರಿಸುವುದೇ ಇಲ್ಲ. ಕಟ್ಟುವ ಖರ್ಚು ಉಳಿಯಿತು. ಕಳ್ಳರ ಕಾರಿನಲ್ಲಿಯೇ ಕುಳಿತ ಭಯ ನೋಡುವವರ ಪಾಲಿಗೆ ಬಂತು.

ಆದರೆ ಕಾರಕೂನ ಬಂಧುಗಳು ತಪ್ಪದೆ ನೋಡಬೇಕಾದುದು 1950ರ 'ಡಿ.ಓ.ಎ.' ತಂದಾಗಲೇ ಪ್ರಾಣ ಹೋಗಿತ್ತು ಎಂಬ ಷರಾದ ಸಂಕ್ಷೇಪವಿದು. ಕೊಲೆಯ ಫಿರ್ಯಾದಿ ಕೊಡಲು ಒಬ್ಬಾತನು ಪೊಲೀಸ್ ಕಚೇರಿಗೆ ಬರುತ್ತಾನೆ. ಯಾರ ಕೊಲೆ ಎಂದರೆ, ನನ್ನದೇ ಎನ್ನುತ್ತಾನೆ! ಬ್ಯಾನಿಂಗ್ ಎಂಬ ಸಣ್ಣ ಊರಿನ ಲೆಕ್ಕಿಗನವನು. ನೋಟರಿಯಾಗಿ ಜನರ ಕಾಗದಗಳಿಗೆ ಸಹಿ, ಮುದ್ರೆ ಹಾಕಿಕೊಡುವವನು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವನಿಗೆ ಮದ್ದಿಲ್ಲದ ವಿಷವನ್ನು ಕುಡಿಸಿದ್ದಾರೆ. ಉಳಿದ ಸ್ವಲ್ಪ ಕಾಲದಲ್ಲಿ ಕಾರಣವನ್ನು ಹುಡುಕುತ್ತ ಬೀದಿಬೀದಿ ಓಡುತ್ತಾನೆ. ಕೊನೆಗೆ ತಿಳಿಯುವುದಿಷ್ಟೆ: ಕೆಲವು ತಿಂಗಳ ಹಿಂದೆ ಎಷ್ಟೋ ಕಾಗದಗಳ ನಡುವೆ ಒಂದು ಮಾರಾಟಪತ್ರಕ್ಕೆ ಅವನು ಸಹಿ ಹಾಕಿದ್ದ. ಆ ಮಾಲು ಕದ್ದದ್ದೆಂಬುದು ಅವನಿಗೆ ಗೊತ್ತಿರಲಿಲ್ಲ. ಕೊಂದವರು ಯಾರೆಂಬುದನ್ನು ನಾವು ಹೇಳುವುದಿಲ್ಲ, ನೋಡಿಯೇ ತಿಳಿಯತಕ್ಕದ್ದು.

ದೊಡ್ಡ ಬಂಡವಾಳಕ್ಕೆ ಚಕ್ರವರ್ತಿ, ಸೇನಾಪತಿ ದೊರೆಯುತ್ತಾರೆ. ಸಣ್ಣ ಬಂಡವಾಳಕ್ಕೆ ಸಿಕ್ಕಿದ್ದು ಕಚೇರಿ, ಅಗ್ಗದ ಲಾಡ್ಜಿನ ಕೋಣೆ, ರಾತ್ರಿಯ ರಸ್ತೆ. ಅಂಥಲ್ಲಿ ಬಾಳುವ ನಮ್ಮಂಥ ಮನುಷ್ಯನು ಹೀಗೆ ಪರದೆಯ ಮೇಲೆ ಬಂದ. ಬಡತನವು ಈ ಚಿತ್ರಗಳಿಗೆ ಕೊಟ್ಟ ದೊಡ್ಡ ಕೊಡುಗೆ ಇದೇ ಎಂದು ನಮ್ಮ ಅಭಿಪ್ರಾಯ.

ಮುಂದೆ ಕಾಲ ಬದಲಾಯಿತು. ದೊಡ್ಡ ಕಂಪನಿಗಳು ಥಿಯೇಟರುಗಳನ್ನೂ ತಮ್ಮ ಕೈಯಲ್ಲಿಟ್ಟುಕೊಳ್ಳುವುದರ ವಿರುದ್ಧ 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಟೆಲಿವಿಷನ್ ಮನೆಮನೆಗೆ ಬಂತು. ಹಳೆಯ 'ಬಿ' ಚಿತ್ರಗಳ ಕಾಲ ಮುಗಿಯಿತು. ಆದರೂ ಮಿತವ್ಯಯದ ಪಾಠ ಉಳಿಯಿತು: ರೋಜರ್ ಕೊರ್ಮನ್ ಅವರು 1960ರಲ್ಲಿ ಬಂದ 'ಲಿಟಲ್ ಶಾಪ್ ಆಫ್ ಹಾರರ್ಸ್' ಚಿತ್ರದ ಬಹುಭಾಗವನ್ನು ಎರಡೇ ದಿನಗಳಲ್ಲಿ ತೆಗೆದು ಮುಗಿಸಿದರು.

ಇನ್ನೊಂದು ಮಾತು. ಅಂದಿನ ಅಮೆರಿಕದ ಕಾನೂನಿನಲ್ಲಿ ಕೃತಿಯ ಹಕ್ಕು 28 ವರ್ಷಕ್ಕೆ ಮುಗಿಯುತ್ತಿತ್ತು. ಅರ್ಜಿ ಕೊಟ್ಟು ಮುಂದುವರಿಸಬೇಕಿತ್ತು. 'ಡಿ.ಓ.ಎ.'ಗೆ ಆ ಅರ್ಜಿ ಹೋಗಲೇ ಇಲ್ಲ. ಹೀಗಾಗಿ ಅಲ್ಲಿ ಯಾರು ಬೇಕಾದರೂ ಅದನ್ನು ತೋರಿಸಬಹುದಾಯಿತು. ಚಿತ್ರ ಊರೂರು ತಲುಪಿತು. ಒಂದು ಕಾಗದದ ಮರೆವಿನಿಂದ ಒಳ್ಳೆಯದೂ ಆಗುತ್ತದೆ. ಆದರೆ ಎಲ್ಲ ಸಲವೂ ಅಲ್ಲ. ಆ ಚಿತ್ರ ನೋಡಿದಂದಿನಿಂದ ಪೂರ್ತಿ ಓದದೆ ಯಾವ ಕಾಗದಕ್ಕೂ ನಾವು ಸಹಿ ಹಾಕುತ್ತಿಲ್ಲ.